ಲಾಂಗ್ ರನ್‌ಗೆ ನೀರು ಹೇಗೆ ಹೊರೋದು? ಕೈಬಾಟಲಿ, ಬೆಲ್ಟ್, ವೆಸ್ಟ್, ಬೆನ್ನಚೀಲ: ಮೈಸೂರು-ಮಂಡ್ಯದ ದಾರಿಗಳಿಗೆ ಒಂದು ಹೋಲಿಕೆ

ಬೇಸಿಗೆ ಶುರುವಾದರೆ ಸಾಕು, ನಮ್ಮ ಓಟದ ಗುಂಪಿನಲ್ಲಿ ಹೊಸಬರು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ವೆಸ್ಟ್ ತಗೊಳ್ಲಾ, ಬೆಲ್ಟ್ ತಗೊಳ್ಲಾ?" ನಾನು ತಿರುಗಿ ಕೇಳುತ್ತೇನೆ, "ಯಾವ ದಾರೀಲಿ ಓಡ್ತೀಯಪ್ಪ?"

ನೀರಿನ ಸಾಮಾನು ಕೊಳ್ಳುವ ಮುಂಚೆ ದಾರಿ ನೋಡಬೇಕು. ಕುಕ್ಕರಹಳ್ಳಿ ಕೆರೆ ಸುತ್ತುವವರಿಗೆ ಬೇಕಾದದ್ದೇ ಬೇರೆ, ಮಂಡ್ಯದ ನಾಲೆ ಏರಿ ಮೇಲೆ ಓಡುವವರಿಗೆ ಬೇಕಾದದ್ದೇ ಬೇರೆ. ಒಂದು ಕಡೆ ನೀರು ಸಿಕ್ಕ ಮೇಲೆ ಇನ್ನೊಂದು ಕಡೆ ಸಿಗುವ ತನಕ ಎಷ್ಟು ನಿಮಿಷ ಓಡುತ್ತೀರಿ? ಅದಕ್ಕೆ ನಾನು ಒಣದಾರಿ ಅಂತ ಹೆಸರಿಟ್ಟುಕೊಂಡಿದ್ದೇನೆ. ಒಟ್ಟು ದೂರ 30 ಕಿಮೀ ಇದ್ದರೂ ಒಣದಾರಿ 25 ನಿಮಿಷದ್ದಾದರೆ ಒಂದು ಕೈಬಾಟಲಿ ಸಾಕು. ಒಟ್ಟು ದೂರ ಬರೀ 16 ಕಿಮೀ, ಆದರೆ ನಡುವೆ ಎಲ್ಲೂ ನೀರಿಲ್ಲ, ತಿಂಗಳು ಏಪ್ರಿಲ್ ಅಂದರೆ, ಆ ಬಾಟಲಿ ಯಾವ ಮೂಲೆಗೂ ಸಾಲುವುದಿಲ್ಲ.

ಇದನ್ನು ನಾನು ಕಲಿತದ್ದು ತವರಿನಲ್ಲಿ. ನಮ್ಮೂರು ಮಂಡ್ಯದ ಹತ್ತಿರ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಓಡುವುದೆಂದರೆ ನನಗೆ ಪ್ರಾಣ. ಮಣ್ಣಿನ ದಾರಿ, ಕಾಲಿಗೆ ಹಿತ, ಎರಡೂ ಕಡೆ ಕಬ್ಬು, ಭತ್ತ. ಆದರೆ ಅಂಗಡಿ ಇಲ್ಲ, ನಲ್ಲಿ ಇಲ್ಲ. ನೀರಿನ ಪಕ್ಕದಲ್ಲೇ ಓಡುತ್ತಿದ್ದರೂ ಒಂದು ಗುಟುಕು ಕುಡಿಯುವ ಹಾಗಿಲ್ಲ, ಯಾಕೆಂದರೆ ಅದು ಬಟ್ಟೆ ಒಗೆಯುವ, ದನ ತೊಳೆಯುವ ನೀರು. ಮುಖ ತೊಳೆಯೋಣ ಅಂತ ಕೂಡ ಇಳಿಯಬೇಡಿ. ಅಂಚು ಪಾಚಿ ಕಟ್ಟಿರುತ್ತದೆ, ಒಳಗೆ ಸೆಳೆತ ಜೋರಾಗಿರುತ್ತದೆ. ಒಂದು ಮಾರ್ಚ್ ತಿಂಗಳಲ್ಲಿ ಅಲ್ಲಿ 22 ಕಿಮೀ ಓಡಲು ಹೊರಟೆ. ಹೊರಟಾಗಲೇ ಏಳು ಗಂಟೆ. ಕೈಯಲ್ಲಿ ಅರ್ಧ ಲೀಟರಿನ ಒಂದು ಬಾಟಲಿ. 14ನೇ ಕಿಮೀಗೆ ಬಾಟಲಿ ಖಾಲಿ, ತಲೆ ಧಿಮ್ ಅನ್ನುತ್ತಿತ್ತು, ಕಾಲು ಮಾತು ಕೇಳುತ್ತಿರಲಿಲ್ಲ. ಕಬ್ಬಿನ ಗದ್ದೆ ಬದುವಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಮ್ಮ ನೋಡಿದರು. "ಯಾಕವ್ವ ಹಿಂಗೆ ಸುಸ್ತಾಗಿದ್ದೀಯೆ, ಬಾ ನೆಳ್ಳಲ್ಲಿ ಕೂತ್ಕೊ, ಬೆಲ್ಲ ತತ್ತೀನಿ" ಅಂದರು. ಪಂಪ್‌ಸೆಟ್ ಮನೆಯಿಂದ ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತಂದು ಕೈಗಿಟ್ಟರು. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಹಳೇ ರೂಢಿ. ಅವತ್ತು ಅದೇ ನನ್ನನ್ನು ಮನೆ ಮುಟ್ಟಿಸಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ, ಕಷ್ಟವೇನಿಲ್ಲ.

ಮೊದಲು ಬೆವರಿನ ಲೆಕ್ಕ

ಒಂದು ತೂಕದ ಯಂತ್ರ ಬೇಕು, ಅಷ್ಟೆ. ಓಡುವ ಮುಂಚೆ ಶೌಚಕ್ಕೆ ಹೋಗಿ ಬಂದು, ಆದಷ್ಟು ಕಮ್ಮಿ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ. ಬಂದು ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. ಕಮ್ಮಿಯಾದ ಒಂದು ಕೆಜಿ ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ಬೆವರು. ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಿ. ನನ್ನದು ಹೀಗಿತ್ತು: ಹೋಗುವಾಗ 58.2 ಕೆಜಿ, ಬಂದಾಗ 57.3, ನಡುವೆ ಕುಡಿದದ್ದು 200 ಎಂಎಲ್. ಅಂದರೆ ಗಂಟೆಗೆ 1.1 ಲೀಟರ್ ಬೆವರು. ಸಾಮಾನ್ಯವಾಗಿ ಓಡುವವರ ಬೆವರು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರ್ ತನಕ ಇರುತ್ತದೆ. ಪಕ್ಕದಲ್ಲಿ ಓಡುವವರಿಗೂ ನಿಮಗೂ ಎರಡರಷ್ಟು ವ್ಯತ್ಯಾಸ ಇರಬಹುದು, ಆದ್ದರಿಂದ ಇನ್ನೊಬ್ಬರ ಲೆಕ್ಕ ನಿಮಗೆ ಆಗುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಬೆವರಿದ್ದನ್ನೆಲ್ಲ ಕುಡಿದು ತುಂಬಿಸಬೇಕು ಅಂತೇನಿಲ್ಲ. ಇಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಕೊಟ್ಟ ಸಲಹೆ ಏನೆಂದರೆ, ಮೈತೂಕದ ಶೇಕಡಾ 2ಕ್ಕಿಂತ ಜಾಸ್ತಿ ನೀರು ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕು ಅಂತ. 58 ಕೆಜಿಯವಳಿಗೆ ಅದು 1.15 ಲೀಟರ್ ಹತ್ತಿರ ಬರುತ್ತದೆ. ಇಷ್ಟು ಕಳೆದುಕೊಂಡರೂ ತೊಂದರೆ ಇಲ್ಲ, ಮನೆಗೆ ಬಂದು ನಿಧಾನವಾಗಿ ಕುಡಿದರಾಯಿತು. ಈಗ ಆ ನಾಲೆ ಏರಿಯ ಓಟ ನೋಡಿ. ಕಿಮೀಗೆ 7 ನಿಮಿಷದ ಹಾಗೆ 22 ಕಿಮೀಗೆ ಎರಡೂವರೆ ಗಂಟೆ. ಬೆವರು ಸುಮಾರು 2.8 ಲೀಟರ್. ಅದರಲ್ಲಿ 1.15 ಕಳೆದರೆ ದಾರಿಯಲ್ಲಿ ಕುಡಿಯಬೇಕಾಗಿದ್ದದ್ದು 1.6 ಲೀಟರ್. ನಾನು ಹೊತ್ತದ್ದು ಅರ್ಧ ಲೀಟರ್. 14ನೇ ಕಿಮೀಗೇ ಆ ಗೆರೆ ದಾಟಿದ್ದೆ.

ಇದೇ ಲೆಕ್ಕ ಇನ್ನೊಂದು ಕಡೆಯಿಂದಲೂ ಉಪಯೋಗಕ್ಕೆ ಬರುತ್ತದೆ. 60 ಕೆಜಿಯವರು, ಗಂಟೆಗೆ ಒಂದು ಲೀಟರ್ ಬೆವರುವವರು, ಎರಡು ಗಂಟೆ ಓಡಿದರೆ ಕುಡಿಯಬೇಕಾದದ್ದು 800 ಎಂಎಲ್ ಮಾತ್ರ. ನಡುವೆ ಒಂದು ಸಲ ತುಂಬಿಸಿಕೊಳ್ಳುವ ಜಾಗ ಇದ್ದರೆ ಅರ್ಧ ಲೀಟರಿನ ಬಾಟಲಿ ಸಾಕು. ಆದರೂ ಎರಡು ಲೀಟರ್ ತುಂಬಿದ ಬೆನ್ನಚೀಲ ಹೊತ್ತು ಕುಕ್ಕರಹಳ್ಳಿಗೆ ಬರುವವರನ್ನು ನೋಡಿದ್ದೇನೆ. ಎರಡು ಲೀಟರ್ ನೀರು ಅಂದರೆ ಎರಡು ಕೆಜಿ. ಭುಜಕ್ಕೂ ಮಂಡಿಗೂ ಸುಮ್ನೆ ಭಾರ.

ಜಾಸ್ತಿ ಕುಡಿಯುವುದೂ ಒಳ್ಳೆಯದಲ್ಲ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದ್ದರು. ಅದರಲ್ಲಿ ಶೇಕಡಾ 13 ಜನರಿಗೆ ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಆ ವರದಿ 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಓಟದ ನಡುವೆ ಕುಡಿದು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಹೆಚ್ಚು ಕಂಡಿತ್ತು. ಓಡಿ ಬಂದ ಮೇಲೆ ನಿಮ್ಮ ತೂಕ ಹೋದಾಗಿನದಕ್ಕಿಂತ ಜಾಸ್ತಿ ಇದ್ದರೆ, ನೀವು ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ ಅಂತ ಅರ್ಥ. ಬಾಯಾರಿದಾಗ ಕುಡಿಯಿರಿ. ಬಾಟಲಿ ಖಾಲಿ ಮಾಡಲೇಬೇಕು ಅಂತ ಕುಡಿಯಬೇಡಿ.

ಏನೂ ಹೊರದೆ ಓಡಲು ಆಗುತ್ತದಾ?

ಆಗುತ್ತದೆ, ಮತ್ತೆ ಸಾಧ್ಯವಾದಾಗಲೆಲ್ಲ ನಾನು ಆರಿಸುವುದು ಇದನ್ನೇ. ಕುಕ್ಕರಹಳ್ಳಿ ಕೆರೆಯ ಒಂದು ಸುತ್ತು ಹೆಚ್ಚು ಕಡಿಮೆ ಅರ್ಧ ಗಂಟೆ. ಬಾಟಲಿ ಸ್ಕೂಟರಿನ ಡಿಕ್ಕಿಯಲ್ಲಿರಲಿ. ಪ್ರತಿ ಸುತ್ತಿಗೂ ಒಂದು ನಿಮಿಷ ನಿಂತು ನಾಲ್ಕು ಗುಟುಕು ಕುಡಿಯಿರಿ. ಒಣದಾರಿ ಅರ್ಧ ಗಂಟೆ ದಾಟುವುದೇ ಇಲ್ಲ. ಮ್ಯಾರಥಾನ್ ಸ್ಪರ್ಧೆಗಳಲ್ಲೂ ಸುಮಾರು 5 ಕಿಮೀಗೊಂದು ನೀರಿನ ಮೇಜು ಇಡುತ್ತಾರೆ ಅಲ್ವಾ, ಕೆರೆ ಸುತ್ತು ನಮಗೆ ಆ ಅಭ್ಯಾಸವನ್ನೇ ಕೊಡುತ್ತದೆ. ಒಂದೇ ಜಾಗ ಸುತ್ತಿ ಸುತ್ತಿ ಬೇಜಾರಾಗುತ್ತದೆ ಅನ್ನುವವರು ಮನೆಯನ್ನೇ ನಡುವೆ ಇಟ್ಟುಕೊಂಡು ಎರಡು ಬೇರೆ ಬೇರೆ ದಿಕ್ಕಿಗೆ ಎಂಟೆಂಟು ಕಿಮೀ ಓಡಬಹುದು. ಗೇಟಿನ ಮೇಲೆ ಒಂದು ಚೊಂಬು ಇಟ್ಟರೆ ಮುಗಿಯಿತು.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತುವವರಿಗೂ ಇದೇ ಒಳ್ಳೆಯದು. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು. ಪಾದದ ಹತ್ತಿರ ಗಾಡಿಯಲ್ಲಿ ನೀರಿಡಿ. ಬಾಟಲಿ ಕೈಯಲ್ಲಿ ಹಿಡಿದು ಹತ್ತಿದರೆ ಕೋತಿಗಳ ಕಣ್ಣು ಬೀಳುತ್ತದೆ, ಅದರಲ್ಲೂ ಬಣ್ಣದ ಪಾನೀಯ ಇದ್ದರೆ. ನಂದಿಯ ಹತ್ತಿರ ನಮ್ಮ ಗುಂಪಿನ ಒಬ್ಬ ಹುಡುಗಿಯ ಕೈಯಿಂದ ಒಂದು ಕೋತಿ ಬಾಟಲಿ ಕಿತ್ತುಕೊಂಡು ಹೋಯಿತು. ಉಗುರು ತಾಗಿ ಗೀರಾಗಿ, ಅವಳು ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ಹಾಗಾಗಿ ಬೆಟ್ಟದಲ್ಲಿ ಕೈಬಾಟಲಿ ಬೇಡವೇ ಬೇಡ ಅಂತ ನನ್ನ ಮಾತು.

ದಾರಿಯಲ್ಲಿ ಕೊಂಡು ಕುಡಿಯುವುದೂ ಹೊರದೆ ಓಡುವ ದಾರಿಯೇ. ಫೋನ್‌ನಲ್ಲಿ ಯುಪಿಐ ಇರುತ್ತದೆ, ಜೊತೆಗೆ ಫೋನಿನ ಕವರ್ ಒಳಗೆ ಒಂದು ನೂರು ರೂಪಾಯಿ ಮಡಚಿ ಇಡಿ, ಏಕೆಂದರೆ ಬೆಳಗ್ಗೆ ನೆಟ್‌ವರ್ಕ್ ಕೈಕೊಟ್ಟರೆ ಕಷ್ಟ. ಆದರೆ ಅಂಗಡಿ ತೆಗೆಯುವ ಹೊತ್ತು ಗೊತ್ತಿರಬೇಕು. ಐದು ಗಂಟೆಗೆ ಹೊರಟವರಿಗೆ ಮೊದಲು ಬಾಗಿಲು ತೆರೆದು ಸಿಗುವುದು ಹಾಲಿನ ಬೂತ್, ಆಮೇಲೆ ಟೀ ಅಂಗಡಿ. ಎಳನೀರಿನ ಗಾಡಿಗಳು ಬರುವ ಹೊತ್ತಿಗೆ ನಿಮ್ಮ ಓಟವೇ ಮುಗಿದಿರುತ್ತದೆ. ನಂದಿನಿ ಬೂತ್‌ನ ಮಸಾಲೆ ಮಜ್ಜಿಗೆ ಪ್ಯಾಕೆಟ್ ನನಗೆ ತುಂಬಾ ಇಷ್ಟ. ಉಪ್ಪೂ ಇರುತ್ತದೆ, ತಂಪೂ ಇರುತ್ತದೆ. ಹೊಟ್ಟೆಗೆ ಒಗ್ಗುತ್ತದಾ ಅಂತ ಮೊದಲು ಸಣ್ಣ ಓಟದಲ್ಲಿ ನೋಡಿ. ಬೇಸಿಗೆಯಲ್ಲಿ ಕೆಲವು ಕಡೆ ಅಂಗಡಿಯವರು, ದೇವಸ್ಥಾನದವರು ಮಡಕೆಯಲ್ಲಿ ನೀರಿಡುತ್ತಾರೆ, ನಮ್ಮ ಹಿರಿಯರು ಅರವಟಿಗೆ ಅನ್ನುತ್ತಿದ್ದರಲ್ಲ, ಅದೇ. ಅಂಥ ಜಾಗಗಳನ್ನು ಹಗಲಲ್ಲಿ ಒಮ್ಮೆ ಗಾಡಿಯಲ್ಲಿ ಹೋಗಿ ಗುರುತು ಮಾಡಿಕೊಳ್ಳಿ.

ಕೈಬಾಟಲಿ

ಹಿಡಿ ಪಟ್ಟಿ ಇರುವ 350ರಿಂದ 600 ಎಂಎಲ್‌ನ ಬಾಟಲಿ. ಎಲ್ಲದಕ್ಕಿಂತ ಅಗ್ಗ, ತೊಳೆಯಲು ಸುಲಭ, ತುಂಬಿಸಲು ಸುಲಭ, ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ. ಒಣದಾರಿ ಮುಕ್ಕಾಲು ಗಂಟೆಯ ಒಳಗಿದ್ದರೆ ಹೊಸಬರಿಗೆ ನಾನು ಹೇಳುವುದು ಇದನ್ನೇ. ಪಟ್ಟಿ ಮುಖ್ಯ. ಪಟ್ಟಿ ಇಲ್ಲದ ಬಾಟಲಿಯನ್ನು ಬಿಗಿಯಾಗಿ ಹಿಡಿದು ಓಡಿದರೆ ಮುಷ್ಟಿಯಿಂದ ಬಿಗಿತ ಮೊಣಕೈಗೆ, ಅಲ್ಲಿಂದ ಭುಜಕ್ಕೆ, ಕುತ್ತಿಗೆಗೆ ಹತ್ತುತ್ತದೆ, 15 ಕಿಮೀ ಆಗುವ ಹೊತ್ತಿಗೆ ಒಂದು ಭುಜ ಮೇಲೆ ಒಂದು ಕೆಳಗೆ ಆಗಿರುತ್ತದೆ. ಪಟ್ಟಿ ಇದ್ದರೂ ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಇನ್ನೊಂದು ತೊಂದರೆ, ಕೈಯ ಶಾಖಕ್ಕೆ ನೀರು ಬೇಗ ಬೆಚ್ಚಗಾಗುತ್ತದೆ. ಅದಕ್ಕೆ ಸುಲಭದ ಉಪಾಯ ಇದೆ. ರಾತ್ರಿ ಬಾಟಲಿಯ ಮೂರನೇ ಒಂದು ಭಾಗ ನೀರು ಹಾಕಿ ಫ್ರೀಜರಿನಲ್ಲಿ ಅಡ್ಡ ಮಲಗಿಸಿ ಇಡಿ. ಬೆಳಗ್ಗೆ ಮೇಲೆ ನೀರು ತುಂಬಿ. ಪೂರ್ತಿ ತುಂಬಿ ಇಡಬೇಡಿ, ನೀರು ಗಟ್ಟಿಯಾದಾಗ ಹಿಗ್ಗಿ ಬಾಟಲಿ ಸೀಳುತ್ತದೆ. ಇದು ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ಮಾತ್ರ. ಸ್ಟೀಲ್ ಬಾಟಲಿ ಹಿಡಿದು ಓಡುವವರೂ ಇದ್ದಾರೆ, ಆದರೆ ಅದರ ತೂಕವೇ ಜಾಸ್ತಿ, ಕುಡಿಯಲು ನಿಲ್ಲಲೇಬೇಕು.

ಒಬ್ಬಳೇ ಕತ್ತಲಲ್ಲಿ ಓಡುವ ಹೆಣ್ಣುಮಕ್ಕಳಿಗೆ ಒಂದು ಮಾತು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓಡಬೇಡಿ. ನಾಯಿ ಅಡ್ಡ ಬಂದಾಗ, ಎಡವಿದಾಗ, ಕನಿಷ್ಠ ಒಂದು ಕೈ ಖಾಲಿ ಇರಬೇಕು. ಫೋನಿಗೆ ಸೊಂಟದ ಪಟ್ಟಿ ಇಟ್ಟುಕೊಳ್ಳಿ.

ಸೊಂಟದ ಬೆಲ್ಟ್

ಇದರಲ್ಲಿ ಎರಡು ಥರ. ಹಿಂದೆ ಓರೆಯಾಗಿ ಒಂದೇ ದೊಡ್ಡ ಬಾಟಲಿ ಕೂರುವಂಥದ್ದು, ಮತ್ತೆ ಸುತ್ತಲೂ ಎರಡೋ ನಾಲ್ಕೋ ಚಿಕ್ಕ ಬಾಟಲಿ ಸಿಕ್ಕಿಸುವಂಥದ್ದು. ಮೊದಲಿನದರಲ್ಲಿ ಅರ್ಧ ಲೀಟರ್ ತೂಕ ಒಂದೇ ಕಡೆ ಸೇರಿ ಹೆಜ್ಜೆ ಹೆಜ್ಜೆಗೂ ಬೆನ್ನಿಗೆ ಗುದ್ದುತ್ತದೆ. ಎರಡನೆಯದು ತೂಕ ಹಂಚುತ್ತದೆ, ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಹಾಕಿಕೊಳ್ಳಬಹುದು, ಅದು ಅನುಕೂಲ. ಆದರೆ ಚಿಕ್ಕ ಬಾಟಲಿ ಬಿದ್ದು ಹೋಗುತ್ತದೆ. ರಿಂಗ್ ರೋಡಿನಲ್ಲಿ ನನ್ನದು ಒಂದು ಎಲ್ಲಿ ಬಿತ್ತು ಅಂತಲೇ ಗೊತ್ತಾಗಲಿಲ್ಲ, ಹಿಂದೆ ಲಾರಿ ಸದ್ದಿನಲ್ಲಿ ಕೇಳಿಸಲೂ ಇಲ್ಲ.

ಬೆಲ್ಟ್ ಕಟ್ಟಬೇಕಾದದ್ದು ಸೊಂಟದ ಮೂಳೆಯ ಮೇಲೆ. ಹೊಟ್ಟೆಯ ಮೇಲೆ ಕಟ್ಟಿದರೆ ಉಸಿರು ಕಟ್ಟುತ್ತದೆ, ಪಕ್ಕೆ ಹಿಡಿಯುತ್ತದೆ. ಸಡಿಲ ಇದ್ದರೆ ಮೇಲೆ ಕೆಳಗೆ ಕುಣಿಯುತ್ತದೆ, ಬಿಗಿ ಇದ್ದರೆ ಹೊಟ್ಟೆ ಒತ್ತುತ್ತದೆ. ಕೆಲವರಿಗೆ ಈ ನಡುವಿನ ಅಳತೆ ಸಿಗುವುದೇ ಇಲ್ಲ, ನಾನು ಅವರಲ್ಲಿ ಒಬ್ಬಳು. ಎರಡು ಹೆರಿಗೆ ಆದ ಮೇಲೆ ಹೊಟ್ಟೆ ಮೇಲೆ ಒತ್ತಡ ನನಗೆ ಆಗಿಬರುವುದಿಲ್ಲ. ಆದರೆ ನಮ್ಮ ಗುಂಪಿನ ಒಬ್ಬ ಅಣ್ಣ ಆರು ವರ್ಷದಿಂದ ಅದೇ ಬೆಲ್ಟ್‌ನಲ್ಲಿ ಓಡುತ್ತಿದ್ದಾರೆ, ಅವರಿಗೆ ಭುಜದ ಮೇಲೆ ಏನೂ ಇರಬಾರದು. ಮೈಸೂರಿನಿಂದ ಶ್ರೀರಂಗಪಟ್ಟಣದ ಹಳೇ ದಾರಿಯಲ್ಲಿ, ಅಂಗಡಿಗಳು ಆಗಾಗ ಸಿಗುವಲ್ಲಿ, ಬೆಲ್ಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ವೆಸ್ಟ್ ಮತ್ತು ಬೆನ್ನಚೀಲ

ಅಂಗಡಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ನೇತುಹಾಕಿರುತ್ತಾರೆ, ಜನ ಒಂದೇ ಅಂದುಕೊಳ್ಳುತ್ತಾರೆ. ವೆಸ್ಟ್ ಅಂದರೆ ಬನಿಯನ್ನಿನ ಹಾಗೆ ಮೈಗೆ ಅಂಟಿಕೊಳ್ಳುವಂಥದ್ದು, ಎದೆಯ ಮುಂದೆ ಎರಡು ಜೇಬು, ಒಂದೊಂದರಲ್ಲೂ ಸಾಮಾನ್ಯವಾಗಿ 500 ಎಂಎಲ್‌ನ ಮೆತ್ತನೆಯ ಸಾಫ್ಟ್ ಫ್ಲಾಸ್ಕ್. ಬೆನ್ನಚೀಲದಲ್ಲಿ ಹಿಂದೆ ಒಂದೂವರೆಯೋ ಎರಡೋ ಲೀಟರಿನ ಬ್ಲ್ಯಾಡರ್, ಅಂದರೆ ನೀರು ತುಂಬುವ ಮೆತ್ತನೆಯ ಚೀಲ, ಅದರಿಂದ ಭುಜದ ಮೇಲೆ ಬರುವ ಕೊಳವೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ, ಸುಡುಬಿಸಿಲಿನ ಸೈಕಲ್ ಓಟವೊಂದಕ್ಕೆ, ಮೈಕೆಲ್ ಈಡ್ಸನ್ ಎಂಬ ಆಂಬುಲೆನ್ಸ್ ಸಿಬ್ಬಂದಿ ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದಲ್ಲಿ ಹಾಕಿ, ಬೆನ್ನಿಗೆ ಕಟ್ಟಿಕೊಂಡು ಹೊರಟರು. ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಸೈಕಲ್ಲಿಗೆ ಅದು ಹೇಳಿ ಮಾಡಿಸಿದ ಸಾಮಾನು, ಬೆನ್ನು ಅಲುಗಾಡುವುದಿಲ್ಲ. ಓಟಗಾರರ ಬೆನ್ನು ಹೆಜ್ಜೆಗೊಮ್ಮೆ ಎಗರುತ್ತದೆ, ಅಲ್ಲಿಗೆ ಕಥೆ ಬೇರೆಯಾಗುತ್ತದೆ.

ಒಣದಾರಿ ಒಂದು ಗಂಟೆಯಿಂದ ಎರಡು ಗಂಟೆ ತನಕ ಇದ್ದರೆ ಫ್ಲಾಸ್ಕ್ ಇರುವ ವೆಸ್ಟ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಕುಡಿದ ಹಾಗೆ ಫ್ಲಾಸ್ಕ್ ಕುಗ್ಗುತ್ತದೆ, ಒಳಗೆ ಗಾಳಿ ಉಳಿಯುವುದಿಲ್ಲ, ಹಾಗಾಗಿ ಗುಳುಗುಳು ಸದ್ದಿಲ್ಲ. ಎಷ್ಟು ಉಳಿದಿದೆ ಅಂತ ಮುಟ್ಟಿದರೆ ಗೊತ್ತಾಗುತ್ತದೆ. ಟೀ ಅಂಗಡಿಯಲ್ಲಿ ಹೊರತೆಗೆದು ತುಂಬಿಸಿ ಹಾಕಿಕೊಳ್ಳಲು ಒಂದು ನಿಮಿಷ ಸಾಕು. ಕೊಳ್ಳುವಾಗ ಬಾಯಿ ಅಗಲ ಇರುವುದನ್ನು ನೋಡಿ, 42 ಮಿಮೀ ಬಾಯಿಯದ್ದು ಸಿಗುತ್ತದೆ. ಚಿಕ್ಕ ಬಾಯಿಯದಕ್ಕೆ ಮಡಕೆಯಿಂದ ಲೋಟದಲ್ಲಿ ಹೊಯ್ಯಲು ಹೋದರೆ ಅರ್ಧ ನೆಲಕ್ಕೆ. ಎರಡರಲ್ಲೂ ಸಮವಾಗಿ ಕುಡಿಯುತ್ತಾ ಬನ್ನಿ, ಇಲ್ಲದಿದ್ದರೆ ಒಂದು ಕಡೆ ಎಳೆಯುತ್ತದೆ. ಕಚ್ಚಿ ಕುಡಿಯುವ ತುದಿ ಒಂದೆರಡು ವರ್ಷಕ್ಕೆ ಸೋರಲು ಶುರುವಾಗುತ್ತದೆ, ತುದಿ ಮಾತ್ರ ಬೇರೆ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಹೆಣ್ಣುಮಕ್ಕಳೇ, ಗಂಡಸರ ಅಳತೆಯ ವೆಸ್ಟ್ ಕೊಳ್ಳಬೇಡಿ. ತುಂಬಿದ ಫ್ಲಾಸ್ಕ್ ಸರಿಯಾಗಿ ಎದೆಯ ಮೇಲೆ ಕೂರುತ್ತದೆ, ಒಂದು ಗಂಟೆಗೆ ನೋವು, ಎರಡು ಗಂಟೆಗೆ ಗಾಯ. ನಾನು ಮೊದಲು ಕೊಂಡದ್ದು ಹಾಗೇ ಆಯಿತು, ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಅಂತ ಹೇಳಿ ಕೊಟ್ಟರು, ನಾನೂ ನಂಬಿದೆ. ಹೆಂಗಸರಿಗೆಂದೇ ಮಾಡಿದ್ದರಲ್ಲಿ ಜೇಬು ಸ್ವಲ್ಪ ಮೇಲೆ ಅಥವಾ ಪಕ್ಕಕ್ಕೆ ಇರುತ್ತದೆ, ಎದೆಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು. ಓಡುವಾಗ ಹಾಕುವ ಒಳಉಡುಪು ಹಾಕಿಕೊಂಡೇ ಅಂಗಡಿಗೆ ಹೋಗಿ. ಖಾಲಿ ವೆಸ್ಟ್ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಫ್ಲಾಸ್ಕ್‌ಗೆ ನೀರು ತುಂಬಿಸಿ ಕೊಡಿ ಅಂತ ಕೇಳಿ, ಹತ್ತು ಸಲ ಎಗರಿ, ಕೈ ಬೀಸಿ ನೋಡಿ. ಕೇಳಲು ಸಂಕೋಚ ಬೇಡ. ಡೆಕಾತ್ಲಾನ್‌ನಂಥ ದೊಡ್ಡ ಅಂಗಡಿಗಳಲ್ಲಿ ಅಲ್ಲೇ ನಾಲ್ಕು ಹೆಜ್ಜೆ ಓಡಿ ನೋಡುವಷ್ಟು ಜಾಗವೂ ಇರುತ್ತದೆ.

ಬ್ಲ್ಯಾಡರ್ ಬೇಕಾಗುವುದು ಒಣದಾರಿ ಎರಡು ಗಂಟೆ ದಾಟಿದಾಗ, ಅಥವಾ ನಾಲೆ ಏರಿಯಂಥ ಕಡೆ. ಮೂರು ಗಂಟೆ ಓಟ, ಗಂಟೆಗೆ 1.2 ಲೀಟರ್ ಬೆವರು ಅಂದರೆ 3.6 ಲೀಟರ್, ಅದರಲ್ಲಿ 60 ಕೆಜಿಯವರ ಲೆಕ್ಕದ 1.2 ಕಳೆದರೂ 2.4 ಬೇಕು. ಎರಡು ಫ್ಲಾಸ್ಕ್‌ನಲ್ಲಿ ಅದು ಹಿಡಿಯುವುದಿಲ್ಲ. ಬ್ಲ್ಯಾಡರ್ ತುಂಬಿದ ಮೇಲೆ ಬಾಯಿ ಮುಚ್ಚಿ, ತಲೆಕೆಳಗು ಮಾಡಿ, ಕೊಳವೆಯಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯಿರಿ. ಈ ಒಂದು ಕೆಲಸ ಮಾಡಿದರೆ ಬೆನ್ನ ಮೇಲಿನ ಕುಲುಕಾಟ ಬಹುಪಾಲು ನಿಲ್ಲುತ್ತದೆ, ಎಷ್ಟೋ ಜನ ಇದು ಗೊತ್ತಿಲ್ಲದೆ ಚೀಲವನ್ನೇ ಮೂಲೆಗೆ ಎಸೆದಿದ್ದಾರೆ. ಕುಡಿದ ಮೇಲೆ ಕೊಳವೆಯೊಳಗೆ ಒಂದು ಸಲ ಊದಿ ನೀರನ್ನು ವಾಪಸ್ ಕಳಿಸಿ, ಇಲ್ಲದಿದ್ದರೆ ಕೊಳವೆಯಲ್ಲಿ ನಿಂತ ನೀರು ಬಿಸಿಲಿಗೆ ಕಾದು ಮುಂದಿನ ಗುಟುಕು ಬಿಸಿನೀರೇ.

ಬ್ಲ್ಯಾಡರಿನ ನಿಜವಾದ ಕಷ್ಟ ಎರಡು. ಒಂದು, ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ, ಇದ್ದಕ್ಕಿದ್ದ ಹಾಗೆ ಖಾಲಿಯಾಗುತ್ತದೆ. ಇನ್ನೊಂದು, ತೊಳೆಯುವುದು. ನಮ್ಮ ಮಳೆಗಾಲದಲ್ಲಿ ಎರಡು ದಿನ ಒದ್ದೆ ಬಿಟ್ಟರೆ ಕೊಳವೆಯೊಳಗೆ ಕಪ್ಪು ಬೂಷ್ಟು ಬರುತ್ತದೆ. ಓಡಿ ಬಂದ ದಿನವೇ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಿರಿ. ಒಳಗೆ ಒಂದು ಮರದ ಸೌಟು ಅಡ್ಡ ಇಟ್ಟು ಬಾಯಿ ತೆರೆದ ಹಾಗೆ ತಲೆಕೆಳಗೆ ನೇತುಹಾಕಿ. ಒಣಗಿಸಲು ಪುರುಸೊತ್ತಿಲ್ಲ ಅಂದರೆ ತೊಳೆದು ಹಾಗೇ ಫ್ರೀಜರಿನಲ್ಲಿ ಇಡಿ, ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ಅದರಲ್ಲಿ ಬರೀ ನೀರು ಹಾಕಿ, ಸಕ್ಕರೆ ಇರುವ ಯಾವುದನ್ನೂ ಹಾಕಬೇಡಿ.

ಇನ್ನು ಬೆಟ್ಟ-ಕಾಡಿನ ದೂರದ ಓಟಗಳ ಆಸೆ ಇರುವವರಿಗೆ ವೆಸ್ಟ್ ಹೇಗೂ ಬೇಕಾಗುತ್ತದೆ. ಆಲ್ಪ್ಸ್ ಪರ್ವತದಲ್ಲಿ ಮೋಂಬ್ಲಾಂ ಸುತ್ತ ನಡೆಯುವ ಯುಟಿಎಂಬಿ ಓಟದಲ್ಲಿ ಕನಿಷ್ಠ ಒಂದು ಲೀಟರ್ ನೀರು ಹಿಡಿಯುವ ವ್ಯವಸ್ಥೆ ಇಲ್ಲದವರನ್ನು ಬಿಡುವುದೇ ಇಲ್ಲ.

ಒಳಗೆ ಏನು ತುಂಬಬೇಕು

ಒಂದು ಗಂಟೆ, ಒಂದೂಕಾಲು ಗಂಟೆ ಓಟಕ್ಕೆ ಬರೀ ನೀರು ಸಾಕು. ಅದಕ್ಕಿಂತ ಹೆಚ್ಚಾದರೆ ಉಪ್ಪು, ಸಕ್ಕರೆ ಎರಡೂ ಬೇಕು. ಔಷಧಿ ಅಂಗಡಿಯ ಓಆರ್‌ಎಸ್ ಪುಡಿ ಅಗ್ಗ ಮತ್ತು ನಂಬಬಹುದಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರಿಗೆ 20.5 ಗ್ರಾಂ ಪುಡಿ, ಅದರಲ್ಲಿ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಅದನ್ನು ಅರ್ಧ ಲೀಟರಿಗೆ ಹಾಕಬೇಡಿ, ಗಟ್ಟಿಯಾಗಿ ಹೊಟ್ಟೆ ಕೆಡಿಸುತ್ತದೆ. ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳ ಮೇಲೂ ಹಿಂದೆ ಓಆರ್‌ಎಸ್ ಅಂತ ಬರೆಯುತ್ತಿದ್ದರು. ಈ ಅಳತೆಗೆ ಹೊಂದದ ಪಾನೀಯಗಳಿಗೆ ಆ ಹೆಸರು ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿದೆ. ಕೊಳ್ಳುವಾಗ ಹಿಂದಿನ ಚೀಟಿ ಓದಿ. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಉಪ್ಪಿನದನ್ನು ಕುಡಿಯಬೇಡಿ.

ಎಳನೀರು ಬಗ್ಗೆ ತುಂಬಾ ಜನ ಕೇಳುತ್ತಾರೆ. ಮದ್ದೂರು ಕಡೆಯ ಎಳನೀರು ಇರುವಾಗ ಬೇರೆ ಯಾಕೆ ಅಂತ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಕಮ್ಮಿ. ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಓಟ ಮುಗಿದ ಮೇಲೆ ಎಳನೀರು ಕುಡಿಯಿರಿ, ಜೊತೆಗೆ ಉಪ್ಪಿರುವ ತಿಂಡಿ ತಿನ್ನಿ. ನಡುವೆ ಕುಡಿಯಲು ಮನೆಯಲ್ಲೇ ನಿಂಬೆಹಣ್ಣು, ಬೆಲ್ಲ, ಉಪ್ಪು ಹಾಕಿದ ತೆಳು ಪಾನಕ ಮಾಡಿ ಫ್ಲಾಸ್ಕ್‌ಗೆ ಸೋಸಿ ಹಾಕಿಕೊಳ್ಳಬಹುದು. ಸೋಸುವುದು ಮರೆಯಬೇಡಿ, ನಿಂಬೆ ತಿರುಳು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಒಂದು ಫ್ಲಾಸ್ಕ್‌ನಲ್ಲಿ ಬರೀ ನೀರು, ಇನ್ನೊಂದರಲ್ಲಿ ಈ ಪಾನಕ. ತಲೆಗೆ ಸುರಿದುಕೊಳ್ಳಲು ಬರೀ ನೀರಿನದೇ ಬೇಕು ಅಲ್ವಾ.

ಯಾವುದನ್ನು ಮೊದಲು ಕೊಳ್ಳಬೇಕು

ಪಟ್ಟಿ ಇರುವ ಕೈಬಾಟಲಿ ಕೊಂಡು ಮೂರು ತಿಂಗಳು ಓಡಿ. ಅಷ್ಟರಲ್ಲಿ ನಿಮ್ಮ ಬೆವರಿನ ಲೆಕ್ಕವೂ ಗೊತ್ತಾಗಿರುತ್ತದೆ, ಯಾವ ದಾರಿ ಇಷ್ಟ ಅಂತಲೂ ಗೊತ್ತಾಗಿರುತ್ತದೆ. ಕೆರೆ, ಬಡಾವಣೆಯ ರಸ್ತೆಗಳಲ್ಲೇ ಓಡುವವರಾದರೆ ಅಲ್ಲಿಗೇ ನಿಲ್ಲಿಸಿ, ಇನ್ನೇನೂ ಬೇಕಾಗಿಲ್ಲ. ಔಟರ್ ರಿಂಗ್ ರೋಡ್, ಶ್ರೀರಂಗಪಟ್ಟಣದ ಕಡೆ, ನಾಲೆ ಏರಿ ಅಂತ ಹೊರಗೆ ಹೋಗುವವರಾದರೆ ಸೀದಾ ವೆಸ್ಟ್‌ಗೆ ಹೋಗಿ, ನಡುವೆ ಬೆಲ್ಟ್‌ಗೆ ದುಡ್ಡು ಹಾಕುವ ಅಗತ್ಯ ಇಲ್ಲ. ಹಿಂದೆ ಬ್ಲ್ಯಾಡರ್ ಹಾಕುವ ಜಾಗ ಇರುವ ವೆಸ್ಟ್ ಆರಿಸಿದರೆ ಬೇಸಿಗೆಗೆ ಬ್ಲ್ಯಾಡರ್ ಮಾತ್ರ ಬೇರೆ ಕೊಂಡರಾಯಿತು. ಭುಜದ ಮೇಲೆ ಯಾವುದನ್ನೂ ಸಹಿಸಲಾಗದವರು ಮಾತ್ರ ಬೆಲ್ಟ್ ನೋಡಿ. ಕೊಳ್ಳುವ ಮುಂಚೆ ಯಾರದ್ದಾದರೂ ಒಂದು ಭಾನುವಾರಕ್ಕೆ ಎರವಲು ಕೇಳಿ. ಓಡುವವರು ಇಲ್ಲ ಅನ್ನುವುದಿಲ್ಲ.

ಹೊಸ ವೆಸ್ಟ್ ಹಾಕಿ ಮೊದಲ ದಿನವೇ 25 ಕಿಮೀ ಹೋಗಬೇಡಿ. ಎಂಟು ಕಿಮೀ, ಹನ್ನೆರಡು ಕಿಮೀ ಅಂತ ಏರಿಸಿ. ಉಜ್ಜುವ ಜಾಗಗಳು, ಕಾಲರ್ ಮೂಳೆ, ಕಂಕುಳ ಪಕ್ಕ, ಬೆನ್ನ ನಡು, ಅಲ್ಲಿಗೆಲ್ಲ ಹೊರಡುವ ಮುಂಚೆ ಕೊಬ್ಬರಿ ಎಣ್ಣೆಯೋ ವ್ಯಾಸ್‌ಲೀನೋ ಹಚ್ಚಿ. ಕೊಬ್ಬರಿ ಎಣ್ಣೆ ಎರಡು ಗಂಟೆಗೆ ಬೆವರಿನಲ್ಲಿ ಹೋಗಿಬಿಡುತ್ತದೆ, ಅದಕ್ಕಿಂತ ಜಾಸ್ತಿ ಹೊತ್ತು ಓಡುವ ದಿನ ವ್ಯಾಸ್‌ಲೀನ್‌ನ ಚಿಕ್ಕ ಡಬ್ಬಿಯನ್ನೂ ವೆಸ್ಟ್ ಜೇಬಿನಲ್ಲೇ ಇಟ್ಟುಕೊಳ್ಳಿ.